ನಮ್ಮ ಚಾವಣಿ, ಅವರ ನೆಲ

‘ಮನೆಯ ಸಣ್ಣಪುಟ್ಟ ರಿಪೇರಿ ನೀವೇ ಮಾಡಿಕೊಳ್ಳಿ’ ಎಂಬ ಉಪದೇಶಕ್ಕೆ ಈಗ ಬರಗಾಲವಿಲ್ಲ. ಮೊದಲು ಭಾನುವಾರದ ಪುರವಣಿಗಳಲ್ಲಿ ಅರ್ಧ ಪುಟ ಬರುತ್ತಿತ್ತು. ಬಣ್ಣದ ಕಂಪೆನಿಯವರು, ಅಂಟಿನ ಕಂಪೆನಿಯವರು ಹಾರ್ಡ್‌ವೇರ್ ಅಂಗಡಿಗಳಲ್ಲಿ ಪುಟ್ಟ ಪುಸ್ತಿಕೆ ಇಟ್ಟಿರುತ್ತಿದ್ದರು. ಈಗ ಎಲ್ಲ ವಿಡಿಯೋ. ನಲ್ಲಿಯ ವಾಷರ್ ಬದಲಾಯಿಸುವುದರಿಂದ ಹಿಡಿದು ಬಚ್ಚಲುಮನೆ ಕಿತ್ತು ಹೊಸದಾಗಿ ಕಟ್ಟುವವರೆಗೆ ಎಲ್ಲವನ್ನೂ ಹತ್ತು ನಿಮಿಷದಲ್ಲಿ ತೋರಿಸಿಕೊಡುತ್ತಾರೆ. ನಿವೃತ್ತನಾದ ಮೇಲೆ ನಾನು ಇವನ್ನು ಸಾಕಷ್ಟು ಓದಿದ್ದೇನೆ, ಇನ್ನೂ ಹೆಚ್ಚು ನೋಡಿದ್ದೇನೆ. ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಸಾಲದ ಅರ್ಜಿ ಓದಿದ ಅಭ್ಯಾಸ ನನ್ನದು. ಬರೆದದ್ದಕ್ಕಿಂತ ಬರೆಯದೆ ಬಿಟ್ಟ ಕಾಲಮ್ಮಿನ ಮೇಲೆ ಮೊದಲು ಕಣ್ಣು ಹೋಗುತ್ತದೆ. ಈ ಉಪದೇಶ ಸಾಹಿತ್ಯದಲ್ಲಿ ಹಾಗೆ ಖಾಲಿ ಬಿಟ್ಟ ಕಾಲಮ್ಮು ಯಾವುದು ಅನ್ನುವುದೇ ಈ ಬರಹ.

ಇವರೆಲ್ಲ ಕೊಡುವ ಲೆಕ್ಕ ಎರಡೇ. ಒಂದು, ಕೂಲಿ ಉಳಿಯಿತು. ಎರಡು, ಸ್ವಂತ ಕೈಯಿಂದ ಮಾಡಿದ ಸಂತೋಷ. ಎರಡೂ ಸುಳ್ಳಲ್ಲ. ಆದರೆ ಇಬ್ಬರೂ ಫಲಾನುಭವಿಗಳು ಒಬ್ಬನೇ, ಮನೆಯ ಯಜಮಾನ! ಗೋಡೆ ಅವನದು, ನೆಲ ಅವನದು, ಸೂರು ಅವನದು, ಕೆಟ್ಟರೆ ನಷ್ಟವೂ ಅವನದೇ ಎಂದು ಹಿಡಿದುಕೊಂಡು ಇವರು ಹೊರಡುತ್ತಾರೆ.

ಅಂಥ ಮನೆ ನಾನು ಕಂಡಿಲ್ಲ ಅಂತಲ್ಲ. ಸಾಗರದ ಹತ್ತಿರ ನಮ್ಮ ಹಳ್ಳಿಮನೆ ಹಾಗೇ ಇತ್ತು. ಮಳೆಗಾಲ ಹಿಡಿಯುವ ಮುಂಚೆ ಅಪ್ಪ ಏಣಿ ಹಾಕಿ ಹತ್ತಿ ಒಡೆದ ಹೆಂಚು ಬದಲಿಸುತ್ತಿದ್ದರು. ಇರಿಚಲು ಹೊಡೆಯುವ ಕಡೆಯ ಗೋಡೆಗೆ ಅಡಿಕೆ ಸೋಗೆ ಕಟ್ಟುತ್ತಿದ್ದರು. ಇದನ್ನು ಯಾರೂ ಹವ್ಯಾಸ ಅಂತ ಕರೆಯಲಿಲ್ಲ. ಹೆಂಚು ಸರಿಯಾಗಿ ಕೂರದಿದ್ದರೆ ಸೋರುತ್ತಿತ್ತು. ಸೋರಿದರೆ ನಮ್ಮ ತಲೆಯ ಮೇಲೇ ಸೋರುತ್ತಿತ್ತು. ತಪ್ಪು ಮಾಡಿದವನೇ ರಾತ್ರಿ ಎದ್ದು ಪಾತ್ರೆ ಇಡಬೇಕು. ಇದಕ್ಕಿಂತ ಒಳ್ಳೆಯ ಆಡಿಟ್ ಇನ್ನೊಂದಿಲ್ಲ.

ನೌಕರಿ ಸಿಕ್ಕಿ ಊರು ಬಿಟ್ಟ ಮೇಲೆ ಈ ಲೆಕ್ಕ ಹಾಗೆ ಉಳಿಯಲಿಲ್ಲ. ಮೊದಲು ಬಾಡಿಗೆ ಮನೆಗಳು. ಮದರಾಸು ಚೆನ್ನೈ ಆಗುವುದಕ್ಕೆ ಸ್ವಲ್ಪ ಮುಂಚೆ ನಾವು ಅಲ್ಲಿದ್ದ ಮನೆಯ ಮಾಲೀಕರು ಬೀಗದ ಕೈ ಕೊಡುವಾಗ ಒಂದೇ ಷರತ್ತು ಹೇಳಿದ್ದರು: ಗೋಡೆಗೆ ಮೊಳೆ ಹೊಡೆಯಕೂಡದು. ಕ್ಯಾಲೆಂಡರನ್ನು ಕಿಟಕಿ ಸರಳಿಗೆ ಕಟ್ಟಿದೆವು, ದೇವರ ಪಟಗಳನ್ನು ಕಪಾಟಿನಲ್ಲಿ ಇಟ್ಟೆವು. ಬೋರ್‌ವೆಲ್ಲಿನ ಗಡಸು ನೀರಿಗೆ ನಲ್ಲಿಗಳೆಲ್ಲ ಬಿಳಿ ಸುಣ್ಣ ಕಟ್ಟಿ ಬಿಗಿದುಹೋಗುತ್ತಿದ್ದವು. ಷವರಿನ ತಟ್ಟೆ ಬಿಚ್ಚಿ ರಾತ್ರಿ ವಿನೆಗರಿನಲ್ಲಿ ನೆನೆಹಾಕಿ ಬೆಳಿಗ್ಗೆ ಹಳೇ ಟೂತ್‌ಬ್ರಷ್ಷಿನಿಂದ ಉಜ್ಜಿದರೆ ತೂತುಗಳು ತೆರೆದುಕೊಳ್ಳುತ್ತಿದ್ದವು. ಇಷ್ಟು ಕೆಲಸಕ್ಕೆ ಯಾರೂ ಬರುವುದಿಲ್ಲ, ಕರೆದರೂ ನಾಚಿಕೆ. ಪರಊರಿನಲ್ಲಿ ರಿಪೇರಿ ನಾವೇ ಮಾಡಿಕೊಳ್ಳುವುದಕ್ಕೆ ನಿಜವಾದ ಕಾರಣ ಇದು. ಊರಿನಲ್ಲಿ ಆಚಾರ್ರು ಇದ್ದರು, ಹೇಳಿ ಕಳಿಸಿದರೆ ಹಬ್ಬದೊಳಗೆ ಯಾವತ್ತಾದರೂ ಬಂದು ಬಾಗಿಲು ಕೆತ್ತಿ ಸರಿಮಾಡಿ ಊಟ ಮಾಡಿ ಹೋಗುತ್ತಿದ್ದರು. ಇಲ್ಲಿ ಗುರುತಿನವರು ಯಾರು? ಮುಂಬಯಿಯಲ್ಲಿ ಬೆಳಿಗ್ಗೆ ನಾಕಾದಲ್ಲಿ ನಿಂತ ಮಿಸ್ತ್ರಿಯನ್ನು ಒಂದು ವಾಷರ್ ಬದಲಿಸಲು ಕರೆದರೆ ಅವನು ಅರ್ಧ ದಿನದ ಕೂಲಿ ಕೇಳುತ್ತಾನೆ. ಕೇಳುವುದು ನ್ಯಾಯವೇ, ನಮ್ಮ ಮನೆಗೆ ಬಂದರೆ ಅವನಿಗೆ ಆ ದಿನದ ಬೇರೆ ಕೆಲಸ ತಪ್ಪುತ್ತದೆ. ಎಂಕಾಂನಲ್ಲಿ ಇದಕ್ಕೊಂದು ಹೆಸರು ಕಲಿತಿದ್ದೆವು, ಅದು ಬೇಡ ಬಿಡಿ.

ಹಾಗಾಗಿ ನಾಲ್ಕು ರೂಪಾಯಿಯ ವಾಷರ್, ಒಂದು ಸುತ್ತು ಟೆಫ್ಲಾನ್ ಟೇಪು, ಒಂದು ಪಾನಾ ಇಷ್ಟನ್ನು ಮನೆಯಲ್ಲಿ ಇಟ್ಟುಕೊಳ್ಳಲೇಬೇಕು. ಸ್ಪ್ಯಾನರಿಗೆ ಇಲ್ಲಿ ಪಾನಾ ಅನ್ನುತ್ತಾರೆ, ಸ್ಕ್ರೂಡ್ರೈವರಿಗೆ ಪೇಚ್‌ಕಸ್, ಗೋಡೆಯ ತೂತಿಗೆ ತುರುಕುವ ಪ್ಲಗ್ಗಿಗೆ ಗಿಟ್ಟಿ, ಸೋರುವುದಕ್ಕೆ ಮರಾಠಿಯಲ್ಲಿ ಗಳತಿ. ನನ್ನ ಮರಾಠಿಯ ಬಹುಭಾಗ ನಾನು ಬ್ಯಾಂಕಿನ ಕೌಂಟರಿನಲ್ಲಿ ಕಲಿತದ್ದಲ್ಲ, ಹಾರ್ಡ್‌ವೇರ್ ಅಂಗಡಿಯ ಕಟ್ಟೆಯ ಮುಂದೆ ನಿಂತು ಕಲಿತದ್ದು. ಈ ಮಟ್ಟದಲ್ಲಿ ಉಪದೇಶ ಸಾಹಿತ್ಯ ನಿಜಕ್ಕೂ ಉಪಕಾರಿ. ವಾಷರಿನ ವಿಡಿಯೋ ಮಾಡಿದ ಪುಣ್ಯಾತ್ಮನಿಗೆ ನನ್ನ ನಮಸ್ಕಾರ.

ತೊಂದರೆ ಶುರುವಾಗುವುದು ಇವರು ರಿಪೇರಿಯನ್ನೂ ಸುಧಾರಣೆಯನ್ನೂ ಒಂದೇ ಚೀಲದಲ್ಲಿ ಹಾಕಿದಾಗ. ಲೆಕ್ಕಶಾಸ್ತ್ರ ಓದಿದವರಿಗೆ ಇವೆರಡೂ ಬೇರೆ ಬೇರೆ ಖಾತೆ. ಕೆಟ್ಟದ್ದನ್ನು ಇದ್ದ ಹಾಗೆ ಮಾಡುವುದು ರೆವಿನ್ಯೂ ಖರ್ಚು. ಇದ್ದದ್ದನ್ನು ಕಿತ್ತು ಹೊಸದು ಮಾಡುವುದು ಕ್ಯಾಪಿಟಲ್ ಖರ್ಚು. ಅದಕ್ಕೆ ಮಂಜೂರಾತಿ ಬೇಕು, ನಾಲ್ಕು ಜನ ನೋಡಬೇಕು. ವಿಡಿಯೋದವನಿಗೆ ಈ ವ್ಯತ್ಯಾಸ ಇಲ್ಲ. ಇವತ್ತು ವಾಷರ್ ಬದಲಿಸಿದಿರಿ, ಮುಂದಿನ ವಾರ ಟೈಲ್ಸ್ ಬದಲಿಸಿ ಅನ್ನುತ್ತಾನೆ, ಅದೇ ನಗುಮುಖದಲ್ಲಿ.

ನಮ್ಮ ಮೇಲಿನ ಮನೆಯ ಹುಡುಗ ಕೇಳಿದ್ದು ಅಂಥವರ ಮಾತನ್ನೇ. ಹುಡುಗ ಒಳ್ಳೆಯವನು, ಸಾಫ್ಟ್‌ವೇರಿನವನು. 2020ರ ಲಾಕ್‌ಡೌನಿನಿಂದ ಮನೆಯಲ್ಲೇ ಕೂತು ಕೆಲಸ. ಕೂಲಿಯವರೆಲ್ಲ ಊರಿಗೆ ಹೋಗಿದ್ದರು. ಬಂದ ಕೆಲವರನ್ನೂ ಸೊಸೈಟಿಯವರು ಗೇಟಿನೊಳಗೆ ಬಿಡುತ್ತಿರಲಿಲ್ಲ. ಅಂಗಡಿಗಳು ತೆರೆದ ಮೇಲೆ, ಆ ವರ್ಷದ ಕೊನೆಯಲ್ಲಿ, ನಾಲ್ಕೈದು ಶನಿವಾರ ಭಾನುವಾರ ಉಳಿ ಸುತ್ತಿಗೆ ಹಿಡಿದು ಬಚ್ಚಲಿನ ಟೈಲ್ಸ್ ತಾನೇ ಬದಲಿಸಿದ. ಹಳೇ ಟೈಲ್ಸ್ ಒಡೆದಿರಲಿಲ್ಲ, ಹಳೇದಾಗಿದ್ದವು ಅಷ್ಟೆ. ಕೂಲಿಯಲ್ಲಿ 15,000 ರೂಪಾಯಿ ಉಳಿಸಿದೆ ಅಂಕಲ್ ಅಂತ ಲಿಫ್ಟಿನಲ್ಲಿ ಸಿಕ್ಕಾಗ ಹೇಳಿದ. ಮೇಲೆ ಹೋಗಿ ನೋಡಿ ಬಂದೆ. ಕೆಲಸ ಚೊಕ್ಕಟವಾಗಿಯೇ ಕಾಣುತ್ತಿತ್ತು, ಗೆರೆಗಳೆಲ್ಲ ನೇರ.

ಎರಡು ತಿಂಗಳಿಗೆ ನಮ್ಮ ಮಲಗುವ ಕೋಣೆಯ ಚಾವಣಿಯಲ್ಲಿ, ಬಚ್ಚಲಿಗೆ ತಾಗಿದ ಮೂಲೆಯಲ್ಲಿ, ಚಹಾ ಚೆಲ್ಲಿದಂಥ ಒಂದು ಕಲೆ. ಜುಲೈ ಹೊತ್ತಿಗೆ ಅದು ತಟ್ಟೆಯಷ್ಟಾಯಿತು. ಒಂದು ಮಧ್ಯಾಹ್ನ ಮೊರದಗಲ ಪ್ಲಾಸ್ಟರ್ ಕಳಚಿ ಮಂಚದ ಮೇಲೆ ಬಿತ್ತು. ಆ ಮಂಚದಲ್ಲಿ ಊಟವಾದ ಮೇಲೆ ಮೊಮ್ಮಗಳು ಮಲಗುವುದು ರೂಢಿ. ಅವತ್ತು ಹೋಳಿಗೆ ಹಿಟ್ಟು ನಾದುತ್ತೇನೆ ಅಂತ ಹಟ ಹಿಡಿದು ಅಜ್ಜಿಯ ಜೊತೆ ಅಡಿಗೆಮನೆಯಲ್ಲಿ ಇದ್ದಳು. ಮೇಲೆ ನೋಡಿದರೆ ಸರಳು ಕಾಣುತ್ತಿತ್ತು, ಕಂದು ಬಣ್ಣಕ್ಕೆ ತಿರುಗಿ ಪದರ ಎದ್ದಿತ್ತು. ಕಬ್ಬಿಣ ತುಕ್ಕು ಹಿಡಿದರೆ ಸವೆಯುತ್ತದೆ ಅಂತ ಮಾತ್ರ ನಾವು ತಿಳಿದಿರುತ್ತೇವೆ. ಕಾಂಕ್ರೀಟಿನೊಳಗೆ ತುಕ್ಕು ಉಬ್ಬುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಜಾಗ ಕೇಳುತ್ತದೆ. ಜಾಗ ಇಲ್ಲದಿದ್ದರೆ ಸುತ್ತಲಿನ ಕಾಂಕ್ರೀಟನ್ನೇ ಒಡೆದು ಹೊರಗೆ ತಳ್ಳುತ್ತದೆ. ನಮ್ಮ ಕಟ್ಟಡಕ್ಕೆ ಆಗಲೇ ಮೂವತ್ತು ದಾಟಿತ್ತು. ಒಂದೇ ಬಚ್ಚಲಿನ ನೀರು ಅಷ್ಟನ್ನೆಲ್ಲ ಮಾಡಿತು ಅನ್ನಲಾರೆ, ಸಮುದ್ರದ ಗಾಳಿಯ ಊರು ಇದು, ಸರಳು ಮೊದಲೇ ಸೊರಗಿರಬೇಕು. ಆದರೆ ಉಳಿದ ಕೆಲಸವನ್ನು ಆ ನೀರು ಮಾಡಿತು.

ಎಲ್ಲಿಂದ ಸೋರುತ್ತದೆ ಅಂತ ಕಂಡುಹಿಡಿಯುವುದಕ್ಕೆ ಗೋಡೆ ಒಡೆಯಬೇಕಾಗಿಲ್ಲ, ಒಂದು ನೋಟ್‌ಬುಕ್ ಸಾಕು. ಇದು ಊರಿನ ಓದುಗರಿಗೂ ಉಪಯೋಗಕ್ಕೆ ಬಂದೀತು ಅಂತ ಹೇಳುತ್ತೇನೆ. ಹಗಲು ರಾತ್ರಿ ಒಂದೇ ಸಮ ಒಸರುತ್ತಿದ್ದರೆ ಒತ್ತಡದಲ್ಲಿ ನೀರು ಬರುವ ಕೊಳವೆಯ ಮೇಲೆ ಸಂಶಯ. ಸ್ನಾನವಾದ ಮೇಲೆ ಮಾತ್ರ ಹೆಚ್ಚಾದರೆ ನೆಲ ಅಥವಾ ನೀರು ಹೋಗುವ ಕೊಳವೆ. ಮಳೆ ಬಂದಾಗ ಮಾತ್ರವಾದರೆ ಹೊರಗೋಡೆ. ನಾನು ಒಂದು ವಾರ ಬರೆದಿಟ್ಟೆ. ಬೆಳಿಗ್ಗೆ ಅವರ ಸ್ನಾನದ ಗಲಾಟೆ ಮುಗಿದು ಒಂದು ಗಂಟೆಗೆ ಕಲೆಯ ಅಂಚು ಒದ್ದೆ. ಅವರು ಎರಡು ದಿನ ಪುಣೆಗೆ ಹೋದಾಗ ಒಣಗಿತು. ಆಮೇಲೆ ಪ್ಲಂಬರನ್ನು ಕರೆಸಿ ಮೇಲೆ ನೀರು ಹೋಗುವ ತೂತಿಗೆ ಬಟ್ಟೆ ಬಿಗಿದು ಕೆಂಪು ಬಣ್ಣ ಬೆರೆಸಿದ ನೀರು ನಿಲ್ಲಿಸಿದೆವು. ಮರುದಿನ ಬೆಳಿಗ್ಗೆ ನಮ್ಮ ಚಾವಣಿ ಕುಂಕುಮ ಹಚ್ಚಿಕೊಂಡಿತ್ತು.

ಉಳಿಯ ಪೆಟ್ಟಿಗೆ ಟೈಲ್ಸಿನ ಕೆಳಗಿದ್ದ ಹಳೇ ನೀರುತಡೆಯ ಪದರ ಬಿರುಕು ಬಿಟ್ಟಿತ್ತು. ನಹಾಣಿ ಟ್ರಾಪಿನ ಸುತ್ತಲ ಸಂದು ಸಡಿಲವಾಗಿತ್ತು. ಹುಡುಗ ಅದರ ಮೇಲೇ ಹೊಸ ಟೈಲ್ಸ್ ಕೂರಿಸಿದ್ದ. ಸರಿಯಾದ ಕ್ರಮ ಅಂದರೆ ಹಳೇ ಪದರವನ್ನು ಕಿತ್ತು, ಹೊಸ ಪದರವನ್ನು ನೆಲಕ್ಕೂ ಗೋಡೆಯ ಮೇಲೆ ಸ್ವಲ್ಪ ಎತ್ತರಕ್ಕೂ ಬಳಿದು, ಒಣಗಿದ ಮೇಲೆ ಕನಿಷ್ಠ ಒಂದು ದಿನವಾದರೂ ನೀರು ನಿಲ್ಲಿಸಿ, ಕೆಳಗಿನ ಮನೆಯ ಚಾವಣಿ ಒದ್ದೆಯಾಗಲಿಲ್ಲ ಎಂದು ಕಣ್ಣಾರೆ ನೋಡಿ, ಆಮೇಲೆ ಟೈಲ್ಸ್ ಹಾಕುವುದು. ಅವನು ನೋಡಿದ ವಿಡಿಯೋವನ್ನು ನನಗೂ ತೋರಿಸಿದ. ಚೆನ್ನಾಗಿಯೇ ಇತ್ತು. ಅಂಟು ಕಲಸುವುದು, ಹಲ್ಲಿನ ಕರಣೆಯಿಂದ ಎಳೆಯುವುದು, ಸಂದಿಗೆ ಬಿಳಿ ಸಿಮೆಂಟು ತುಂಬುವುದು, ಎಲ್ಲ ಇತ್ತು. ನೀರು ನಿಲ್ಲಿಸುವ ಪರೀಕ್ಷೆ ಮಾತ್ರ ಇರಲಿಲ್ಲ. ಯಾಕೆಂದರೆ ಆ ಮನೆಯ ಕೆಳಗೆ ಇದ್ದದ್ದು ಮಣ್ಣು.

ನಾನು ಹುಡುಕುತ್ತಿದ್ದ ಖಾಲಿ ಕಾಲಮ್ಮು ಇದು. ಇಡೀ ಕೆಲಸದಲ್ಲಿ ಮುಖ್ಯವಾದ ಒಂದು ಹಂತವನ್ನು ‘ನೀವೇ’ ಮಾಡಲು ಬರುವುದಿಲ್ಲ. ಅದಕ್ಕೆ ಕೆಳಗಿನ ಮನೆಯ ಬೆಲ್ ಒತ್ತಬೇಕು, ‘ನಾಳೆ ನಿಮ್ಮ ಚಾವಣಿ ಸ್ವಲ್ಪ ನೋಡಬಹುದಾ’ ಅಂತ ಕೇಳಬೇಕು, ಅವರು ಬಾಗಿಲು ತೆಗೆಯಬೇಕು. ಉಳಿ ಹಿಡಿಯುವುದಕ್ಕಿಂತ ಇದು ಅನೇಕರಿಗೆ ಕಷ್ಟ. ನಾವು ಪರಊರಿನವರಂತೂ ಬೆಲ್ ಒತ್ತುವುದಕ್ಕೇ ಹಿಂದೆಮುಂದೆ ನೋಡುವವರು. ಭಾಷೆ ಸರಿಯಾಗಿ ಬರುವುದಿಲ್ಲ, ಹಬ್ಬ ಬೇರೆ, ಊಟ ಬೇರೆ. ಲಿಫ್ಟಿನಲ್ಲಿ ನಕ್ಕರೆ ಸಾಕು ಅಂದುಕೊಂಡು ಇಪ್ಪತ್ತು ವರ್ಷ ಕಳೆದಿರುತ್ತೇವೆ.

ಸೊಸೈಟಿ ಕಮಿಟಿಯವರು ಎಂದಿನ ಹಾಗೆ ‘ಅದು ನಿಮ್ಮಿಬ್ಬರ ವಿಷಯ’ ಅಂದರು. ಅರ್ಧ ನಿಜ. ಮಹಾರಾಷ್ಟ್ರದ ಮಾದರಿ ಉಪನಿಯಮಗಳ ಪ್ರಕಾರ ಹೊರಗಿನ ಸಾಮೂಹಿಕ ಕೊಳವೆ ಮತ್ತು ಮಳೆನೀರಿನ ಸೋರಿಕೆ ಸೊಸೈಟಿಯ ಖರ್ಚು, ಮನೆಯೊಳಗಿನ ಬಚ್ಚಲು ಸಿಂಕುಗಳದ್ದು ಆಯಾ ಸದಸ್ಯರದ್ದು. ಆದರೆ ಅದೇ ಉಪನಿಯಮಗಳು 15ರಿಂದ 30 ವರ್ಷದ ಕಟ್ಟಡಕ್ಕೆ ಐದು ವರ್ಷಕ್ಕೊಮ್ಮೆ, 30 ದಾಟಿದ್ದಕ್ಕೆ ಮೂರು ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್ ಮಾಡಿಸಬೇಕು ಅನ್ನುತ್ತವೆ; ಮನೆಯೊಳಗೆ ಬದಲಾವಣೆ ಮಾಡುವ ಮೊದಲು ಸದಸ್ಯ ಅನುಮತಿ ಪಡೆಯಬೇಕು ಅನ್ನುತ್ತವೆ. ಆ ಪುಸ್ತಕವನ್ನು ನಾನೇ ಮೀಟಿಂಗಿಗೆ ತೆಗೆದುಕೊಂಡು ಹೋಗಿ ಓದಿದೆ. ಹುಡುಗ ಜಗಳ ಮಾಡಲಿಲ್ಲ, ಆ ಮಾತು ಹೇಳಲೇಬೇಕು. ಬಚ್ಚಲು ಪೂರಾ ಕಿತ್ತು ಮತ್ತೆ ಮಾಡಿಸಿದ, ನಮ್ಮ ಸರಳುಗಳ ತುಕ್ಕು ಉಜ್ಜಿಸಿ ಲೇಪ ಹಚ್ಚಿಸಿ ಮೇಲೆ ಪಾಲಿಮರ್ ಗಾರೆ ಹಾಕಿಸಿದ ಖರ್ಚನ್ನೂ ಕೊಟ್ಟ. ಅವನಿಗೆ ಒಟ್ಟು ಬಿದ್ದದ್ದು 62,000 ರೂಪಾಯಿ. ಹದಿನೈದು ಉಳಿಸಲು ಹೋದದ್ದಕ್ಕೆ.

ಇದು ಬರಿ ಹಣದ ವಿಷಯವಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. 2017ರ ಜುಲೈ 25ರಂದು ಘಾಟ್‌ಕೋಪರ್‌ನಲ್ಲಿ ಸಿದ್ಧಿ ಸಾಯಿ ಎಂಬ ವಸತಿ ಕಟ್ಟಡ ಕುಸಿದು 17 ಜನ ಸತ್ತರು. ನೆಲಮಹಡಿಯಲ್ಲಿ ನಡೆಯುತ್ತಿದ್ದ ನವೀಕರಣದ ಕೆಲಸದಲ್ಲಿ ಕಂಬಗಳಿಗೆ ಕೈ ಹಾಕಿದ್ದೇ ಕಾರಣವೆಂಬ ಆರೋಪ ಬಂತು. ಅದು ಭಾನುವಾರದ ಹವ್ಯಾಸಿಯ ಕೆಲಸವಲ್ಲ ನಿಜ. ಆದರೆ ‘ನನ್ನ ಜಾಗ, ನನ್ನ ಇಷ್ಟ’ ಎಂಬ ಯೋಚನೆ ಎರಡೂ ಕಡೆ ಒಂದೇ. ಬಹುಮಹಡಿಯಲ್ಲಿ ನಮ್ಮದು ಅಂತ ಇರುವುದು ನಡುವಿನ ಗಾಳಿ ಮಾತ್ರ. ಕಂಬ, ತೊಲೆ, ಸ್ಲ್ಯಾಬು ಎಲ್ಲರದ್ದು.

ಇನ್ನೊಂದು ದೂರು, ಪರದೇಶದ ವಿಡಿಯೋಗಳ ಬಗ್ಗೆ. ಅಮೆರಿಕದ ಮನೆಗಳಲ್ಲಿ ಕರೆಂಟಿನ ಕಪ್ಪು ತಂತಿ ಅಂದರೆ ಹೊಡೆಯುವ ತಂತಿ, ಬಿಳಿಯದು ನ್ಯೂಟ್ರಲ್. ನಮ್ಮ ಹಳೇ ಮನೆಗಳಲ್ಲಿ ಕೆಂಪು, ಹಳದಿ ಅಥವಾ ನೀಲಿ ಹೊಡೆಯುವ ತಂತಿ. ಕಪ್ಪು ನ್ಯೂಟ್ರಲ್, ಹಸಿರು ಅರ್ಥ್. ಅವರ ಕಪ್ಪು ಬೇರೆ, ನಮ್ಮ ಕಪ್ಪು ಬೇರೆ! ಅಲ್ಲಿ 120 ವೋಲ್ಟ್, ನಮ್ಮಲ್ಲಿ 230. ಅಲ್ಲಿನ ಪಾಠ ಕೇಳಿ ಇಲ್ಲಿ ಸ್ವಿಚ್‌ಬೋರ್ಡು ಬಿಚ್ಚಿದವನ ಗತಿ ಏನು? ಜೊತೆಗೆ ಎಂಸಿಬಿ ಇದೆ, ಭಯವಿಲ್ಲ ಅನ್ನುವವರು ನಮ್ಮಲ್ಲಿ ಬಹಳ. ಎಂಸಿಬಿ ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. ಮನುಷ್ಯನನ್ನು ಕಾಯುವುದು 30 ಮಿಲಿ ಆಂಪಿಯರ್ ಸೋರಿದರೆ ಬೀಳುವ ಆರ್‌ಸಿಸಿಬಿ. ನಮ್ಮ ಕಟ್ಟಡದ ಎಷ್ಟೋ ಮನೆಗಳಲ್ಲಿ ಅದು ಇಲ್ಲ. ಗೋಡೆಯೂ ಹಾಗೇ. ಅವರದು ಮರದ ಚೌಕಟ್ಟಿಗೆ ಹೊಡೆದ ಜಿಪ್ಸಂ ಹಲಗೆ, ಸ್ಕ್ರೂ ಬೆಣ್ಣೆಯಲ್ಲಿ ಹೋದ ಹಾಗೆ ಹೋಗುತ್ತದೆ. ನಮ್ಮದು ಇಟ್ಟಿಗೆ, ಕಾಂಕ್ರೀಟು. ಹ್ಯಾಮರ್ ಡ್ರಿಲ್ ಇಲ್ಲದೆ ಒಂದು ಗಿಟ್ಟಿ ಕೂರುವುದಿಲ್ಲ.

ಈ ಸಾಹಿತ್ಯ ಯಾರನ್ನು ಉದ್ದೇಶಿಸಿ ಬರೆದದ್ದು ಅನ್ನುವುದನ್ನೂ ನೋಡಿ. ಚಿತ್ರದಲ್ಲಿ ಯಾವಾಗಲೂ ಗಂಡಸು, ಸೊಂಟಕ್ಕೆ ಬೆಲ್ಟು, ಕೈಯಲ್ಲಿ ಡ್ರಿಲ್ಲು. ಒಮ್ಮೆ ನಾನು ಗಂಭೀರವಾಗಿ ಇಂಥದೊಂದು ಪುಸ್ತಿಕೆ ಓದುತ್ತಿದ್ದಾಗ ನಮ್ಮ ಮನೆಯವರು, “ಏನ್ರೀ ಅದು, ಇಷ್ಟೊಂದು ಓದ್ತಾ ಇದೀರಿ?” ಅಂದರು. ಹೇಳಿದೆ. “ಕುಕ್ಕರಿನ ಗ್ಯಾಸ್ಕೆಟ್ಟು, ಸೇಫ್ಟಿ ವಾಲ್ವು ಬದಲಿಸಿದ್ದು ಯಾರು? ಮಿಕ್ಸಿಯ ಕಪ್ಲರ್ ಹಾಕಿದ್ದು ಯಾರು? ಸಿಂಕಿನ ಕೆಳಗಿನ ಬಟ್ಟಲು ಬಿಚ್ಚಿ ಕೊಳೆ ತೆಗೆಯೋದು ಯಾರು? ಆ ಪುಸ್ತಕದಲ್ಲಿ ಇದೆಲ್ಲ ಇದೆಯಾ?” ಇರಲಿಲ್ಲ. ನಾಲ್ಕು ಊರುಗಳಲ್ಲಿ, ನಾನು ಬ್ರಾಂಚಿನಲ್ಲಿ ಲೆಡ್ಜರ್ ತಾಳೆ ನೋಡುತ್ತಿದ್ದ ವರ್ಷಗಳಲ್ಲೆಲ್ಲ, ಈ ಮನೆಯ ರಿಪೇರಿ ನಡೆದದ್ದು ಅವರ ಕೈಯಿಂದ. ಬರ್ನರಿನ ತೂತು ಪಿನ್ನಿನಿಂದ ಬಿಡಿಸುವುದಕ್ಕೆ ಯಾರೂ ಇಂಗ್ಲಿಷ್ ಹೆಸರು ಕೊಡಲಿಲ್ಲ, ಅಷ್ಟೆ ವ್ಯತ್ಯಾಸ.

ಹಾಗೆಯೇ ಈ ಬರಹಗಳಲ್ಲಿ ಕೆಲಸಗಾರ ಬರುವುದು ಒಂದೇ ವೇಷದಲ್ಲಿ, ನಮ್ಮನ್ನು ಮೋಸ ಮಾಡುವವನಾಗಿ. ಅವನನ್ನು ತಪ್ಪಿಸುವುದೇ ಜಾಣತನ ಎಂಬ ಧಾಟಿ ನನಗೆ ಹಿಡಿಸುವುದಿಲ್ಲ. ನಮ್ಮ ಚಾವಣಿಯ ಗುಟ್ಟು ಬಿಡಿಸಿದ ಪ್ಲಂಬರ್ ಒಡಿಶಾದ ಕೇಂದ್ರಪಾಡಾ ಜಿಲ್ಲೆಯವನು. ದೇಶದ ಯಾವ ದೊಡ್ಡ ಊರಿಗೆ ಹೋದರೂ ಆ ಜಿಲ್ಲೆಯ ಪ್ಲಂಬರುಗಳು ಸಿಗುತ್ತಾರೆ. ಅಲ್ಲಿಯ ಪಟ್ಟಾಮುಂಡೈ ಎಂಬ ಊರಿನಲ್ಲಿ ಇದಕ್ಕೆಂದೇ ಸರ್ಕಾರಿ ತರಬೇತಿ ಸಂಸ್ಥೆ ಇದೆ. ನಮ್ಮ ಕರಾವಳಿಯವರು ಹೋಟೆಲ್ ಕಟ್ಟಲು ಮುಂಬಯಿಗೆ ಬಂದ ಹಾಗೆ ಅವರು ಕೊಳವೆ ಜೋಡಿಸಲು ಬಂದವರು. ಹಳಬರು ನೂಲಿಗೆ ಸಫೇದಾ ಸವರಿ ಕೊಳವೆ ಬಿಗಿಯುತ್ತಿದ್ದ ಕಾಲದ ಕತೆಯನ್ನು ಅವನ ಚಿಕ್ಕಪ್ಪನಿಂದ ಕೇಳಿದ್ದನಂತೆ. ಕೆಲಸ ಮುಗಿಸಿ ಚಹಾ ಕುಡಿಯುತ್ತ, ನಿಮ್ಮೂರು ಯಾವುದು ಅಂತ ನನ್ನನ್ನೇ ಕೇಳಿದ. ಸಾಗರ ಅಂದರೆ ಸಮುದ್ರ ಅಂದುಕೊಂಡ. ಇಲ್ಲಪ್ಪ, ಅಲ್ಲಿ ಸಮುದ್ರ ಇಲ್ಲ, ಮಳೆ ಇದೆ ಅಂದೆ. ಊರಲ್ಲಿ ಅವನ ಮನೆಯ ನಲ್ಲಿ ಸೋರಿದರೆ ಯಾರು ಸರಿಮಾಡುತ್ತಾರೆ ಅಂತ ಕೇಳಿದ್ದಕ್ಕೆ ನಕ್ಕು, “ಹೆಂಡತಿ” ಅಂದ.

ಇದೆಲ್ಲ ಮುಂಬಯಿಯ ಕತೆ, ನಮಗೇನು ಅಂತ ಊರಿನವರು ಅನ್ನುವ ಕಾಲ ಹೋಯಿತು. ಕರ್ನಾಟಕದ ಅಪಾರ್ಟ್‌ಮೆಂಟ್ ಮಾಲೀಕತ್ವದ ಕಾಯಿದೆ 1972ರದ್ದು. ಕಟ್ಟಡದ ಭದ್ರತೆಗೆ ಕುಂದು ತರುವ ಕೆಲಸವನ್ನು ಯಾವ ಮಾಲೀಕನೂ ಮಾಡಕೂಡದು ಎಂದು ಅದರಲ್ಲಿಯೂ ಬರೆದಿದೆ. ಓದಿದವರು ಕಡಿಮೆ. ಹೋದ ತಿಂಗಳು ಬೆಂಗಳೂರಿನಿಂದ ತಂಗಿಯ ಮಗ ಫೋನ್ ಮಾಡಿದ್ದ. ಹೊಸ ಫ್ಲ್ಯಾಟು, ಏಳನೇ ಮಹಡಿ. ಬಚ್ಚಲಿನ ನೆಲ ತಾನೇ ಬದಲಿಸುತ್ತಾನಂತೆ, ಯಾವ ಡ್ರಿಲ್ ತಗೊಳ್ಳಲಿ ಮಾವ ಅಂತ ಕೇಳಿದ.

“ಡ್ರಿಲ್ ಇರಲಿ, ಆರನೇ ಮಹಡೀಲಿ ಯಾರಿದಾರೋ?” ಅಂದೆ.

“ಯಾರೋ ಗೊತ್ತಿಲ್ಲ. ಯಾಕೆ?”

ಯಾಕೆ ಅಂತ ಹೇಳುವುದಕ್ಕೆ ಅರ್ಧ ಗಂಟೆ ಹಿಡಿಯಿತು. ಕೇಳಿಸಿಕೊಂಡ, ಆಯ್ತು ಮಾವ ಅಂದ. ಸಂಜೆ ಎರಡು ಡ್ರಿಲ್ಲುಗಳ ಫೋಟೋ ಕಳಿಸಿ, ಇವೆರಡರಲ್ಲಿ ಯಾವುದು ಅಂತ ಮತ್ತೆ ಕೇಳಿದ್ದಾನೆ.